ಅಳಿವೆಯ ಚಿತ್ರ, ತಾರೀಖಿನ ಸಮೇತ

ಭಟ್ಕಳ, ಹೊನ್ನಾವರ, ಕುಮಟಾದ ಹೊಸ ಚಿತ್ರಕಾರರಿಗೆ ಹಂತ ಹಂತದ ಕೈಪಿಡಿ

ಹವಾಮಾನ ಬದಲಾವಣೆ ಎಂಬ ವಿಷಯ ಕೊಟ್ಟು ಚಿತ್ರಸ್ಪರ್ಧೆ ಇಟ್ಟರೆ ಎಂಥ ಚಿತ್ರಗಳು ಬರುತ್ತವೆಂದು ನಮಗೆಲ್ಲ ಗೊತ್ತು. ಅರ್ಧ ಹಸಿರು ಅರ್ಧ ಸುಟ್ಟ ಭೂಗೋಳ, ಕಣ್ಣೀರಿಡುವ ಭೂತಾಯಿ, ಬಿರುಕು ಬಿಟ್ಟ ನೆಲದ ಮೇಲೊಂದು ಬೋಳು ಮರ. ವರ್ಷಕ್ಕೆ ಮೂರು ಸಾವಿರ ಮಿಲಿಮೀಟರ್ ಮೀರಿ ಮಳೆ ಸುರಿಯುವ ನಮ್ಮ ಕರಾವಳಿಯ ಮಕ್ಕಳೂ ಅದನ್ನೇ ಬರೆಯುತ್ತಾರೆ. ಆದರೆ ಇಲ್ಲಿ ಕಣ್ಣಿಗೆ ಬೀಳುವುದೇ ಬೇರೆ. ದಂಡೆಯ ಗಾಳಿಮರದ ಬೇರು ಹೊರಬಿದ್ದಿರುತ್ತದೆ. ಅಳಿವೆಯಂಚಿನ ಗಜನಿ ಗದ್ದೆಯ ಒಡ್ಡು ಒಡೆದು ಉಪ್ಪುನೀರು ಒಳಗೆ ನುಗ್ಗಿರುತ್ತದೆ. ಒಂದೇ ರಾತ್ರಿಯ ಮಳೆಗೆ ಗುಡ್ಡ ಜರಿಯುತ್ತದೆ. 2021ರ ಮೇ ತಿಂಗಳಲ್ಲಿ ತೌಕ್ತೆ ಚಂಡಮಾರುತದ ಅಲೆ ಈ ದಂಡೆಗೆ ಅಪ್ಪಳಿಸಿತು. 2022ರ ಆಗಸ್ಟ್ 2ರಂದು ಭಟ್ಕಳದ ಮುಟ್ಟಳ್ಳಿಯಲ್ಲಿ ಗುಡ್ಡ ಕುಸಿದು ನಾಲ್ವರು ಪ್ರಾಣ ಕಳೆದುಕೊಂಡರು.

ಈ ಕೈಪಿಡಿ ಕಲಿಸುವುದು ಒಂದೇ ಕೆಲಸ: ನಿಮ್ಮೂರಿನ ಒಂದು ಜಾಗ ಆರಿಸಿಕೊಳ್ಳಿ, ಅಲ್ಲೇ ಕೂತು ನೀರುಬಣ್ಣದಲ್ಲಿ ಬರೆಯಿರಿ, ತಾರೀಖು ಹಾಕಿ, ಮತ್ತೆ ಮತ್ತೆ ಅಲ್ಲಿಗೇ ಹೋಗಿ ಬರೆಯಿರಿ. ಭೂಮಿ ಅಳುತ್ತಿದೆ ಎಂದು ಸಾರುವ ಒಂದು ಚಿತ್ರಕ್ಕಿಂತ, ನೀರು ಎಲ್ಲಿವರೆಗೆ ಬಂದಿತ್ತು ಎಂದು ತೋರಿಸುವ ಹತ್ತು ಚಿತ್ರ ಹೆಚ್ಚು ಕೆಲಸಕ್ಕೆ ಬರುತ್ತವೆ.

ಇದಕ್ಕೆ ಸಾಕ್ಷಿ ಇದೆ. ಹದಿನೆಂಟನೆಯ ಶತಮಾನದ ವೆನಿಸ್ ನಗರವನ್ನು ಕನಲೆಟ್ಟೊ ಎಂಬ ಚಿತ್ರಕಾರ ಬಲು ಕರಾರುವಾಕ್ಕಾಗಿ ಬರೆದಿದ್ದ. ಕಾಲುವೆ ಬದಿಯ ಮನೆಗಳ ಗೋಡೆ ಮೇಲೆ ಪಾಚಿ ಎಲ್ಲಿವರೆಗೆ ಹತ್ತಿತ್ತು ಎಂಬುದನ್ನೂ ಬಿಟ್ಟಿರಲಿಲ್ಲ. 2003ರಲ್ಲಿ ಇಟಲಿಯ ವಿಜ್ಞಾನಿಗಳು ಆ ಪಾಚಿಗೆರೆಯನ್ನು ಇಂದಿನ ಪಾಚಿಗೆರೆಯ ಜೊತೆ ಹೋಲಿಸಿ, ಊರು ನೀರಿನಲ್ಲಿ ಸುಮಾರು 60 ಸೆಂಟಿಮೀಟರ್ ಮುಳುಗಿದೆ ಎಂದು ಲೆಕ್ಕ ಹಾಕಿದರು. ನಮ್ಮಲ್ಲೇ ನೋಡುವುದಾದರೆ ರುಮಾಲೆ ಚನ್ನಬಸವಯ್ಯನವರು (1910–1988) ಬೆಂಗಳೂರಿನ ರಸ್ತೆಬದಿಯ ಹೂಮರಗಳನ್ನು ಸ್ಥಳದಲ್ಲೇ ನಿಂತು ಬರೆದರು. ಇವತ್ತು ಆ ಚಿತ್ರಗಳು ಕಣ್ಮರೆಯಾದ ಒಂದು ಊರಿನ ದಾಖಲೆಯೂ ಹೌದು.

ಫೋನಿನಲ್ಲಿ ಫೋಟೊ ತೆಗೆದರೆ ಸಾಲದೇ ಎಂದು ಕೇಳಬಹುದು. ಫೋಟೊ ತೆಗೆಯಿರಿ, ಅದೂ ಬೇಕು. ಆದರೆ ಫೋಟೊಗೆ ಒಂದು ಕ್ಷಣ ಸಾಕು, ಚಿತ್ರಕ್ಕೆ ಎರಡು ತಾಸು ಬೇಕು. ಆ ಎರಡು ತಾಸಿನಲ್ಲಿ ನೀರು ಇಳಿಯುವುದು ಕಾಣುತ್ತದೆ, ಹಾದುಹೋಗುವವರು ನಿಂತು ಮಾತಾಡುತ್ತಾರೆ, ಕಣ್ಣು ಅಲ್ಲಿವರೆಗೆ ಗಮನಿಸದೇ ಇದ್ದದ್ದನ್ನು ಹಿಡಿಯುತ್ತದೆ.

ಬೇಕಾಗುವ ಸಾಮಾನು

ದುಬಾರಿ ಸಾಮಾನು ಬೇಡ. ಕಾಗದದಲ್ಲಿ ಮಾತ್ರ ಜಿಪುಣತನ ಮಾಡಬೇಡಿ.

• 300 ಜಿಎಸ್‌ಎಂ ದಪ್ಪದ ನೀರುಬಣ್ಣದ ಕಾಗದ, ಎ4 ಅಳತೆ. ತೆಳು ಡ್ರಾಯಿಂಗ್ ಹಾಳೆ ಕರಾವಳಿಯ ತೇವಕ್ಕೆ ಸುರುಳಿಯಾಗುತ್ತದೆ.
• ವಿದ್ಯಾರ್ಥಿಗಳ ದರ್ಜೆಯ ಟ್ಯೂಬ್ ಬಣ್ಣ ಆರು: ಅಲ್ಟ್ರಾಮರೀನ್ ನೀಲಿ, ಪ್ರಷ್ಯನ್ ನೀಲಿ, ಲೆಮನ್ ಹಳದಿ, ಯೆಲ್ಲೋ ಓಕರ್, ಬರ್ನ್ಟ್ ಸಿಯೆನ್ನಾ, ಕ್ರಿಮ್ಸನ್. ಕ್ಯಾಮ್ಲಿನ್‌ನಂಥವು ಕುಮಟಾ, ಹೊನ್ನಾವರದ ಸ್ಟೇಷನರಿ ಅಂಗಡಿಯಲ್ಲಿ ಕೇಳಿದರೆ ಸಿಗಬಹುದು.
• ದುಂಡು ಬ್ರಶ್ 6 ಮತ್ತು 10ನೇ ನಂಬರು, ಒಂದು ಇಂಚಿನ ಚಪ್ಪಟೆ ಬ್ರಶ್ ಒಂದು.
• 2ಬಿ ಪೆನ್ಸಿಲ್, ರಬ್ಬರು, ಮಾಸ್ಕಿಂಗ್ ಟೇಪು, ಪ್ಲೈವುಡ್ ಹಲಗೆ, ನಾಲ್ಕು ಕ್ಲಿಪ್ಪು.
• ಎರಡು ಡಬ್ಬ ಸಿಹಿನೀರು, ಹಳೆಯ ಹತ್ತಿಬಟ್ಟೆ, ಕೊಡೆ, ಟೋಪಿ.

ಸಮುದ್ರದ ನೀರಿನಲ್ಲೇ ಬಣ್ಣ ಕಲಸಲು ಹೋಗಬೇಡಿ. ಒಣಗಿದ ಮೇಲೆ ಕಾಗದದಲ್ಲಿ ಉಪ್ಪು ಉಳಿದು, ಮಳೆಗಾಲದಲ್ಲಿ ತೇವ ಎಳೆದುಕೊಂಡು ಬಣ್ಣ ಕೆಡುತ್ತದೆ.

ಹಂತ 1: ಜಾಗ ಆರಿಸಿ

ಅಂದವಾದ ಜಾಗವೇ ಬೇಕೆಂದಿಲ್ಲ. ಬದಲಾಗುವ ಜಾಗ ಬೇಕು, ಮತ್ತು ನಿಮ್ಮ ಮನೆಯಿಂದ ಸುಲಭವಾಗಿ ಹೋಗಿಬರಲು ಆಗಬೇಕು. ಮುರುಡೇಶ್ವರದ ಗೋಪುರವನ್ನು ಎಲ್ಲರೂ ಬರೆಯುತ್ತಾರೆ. ನೀವು ಅದರ ಪಕ್ಕದ ಮರಳಿನ ದಂಡೆ ಬರೆಯಿರಿ, ಗೋಪುರ ಹಿನ್ನೆಲೆಯಲ್ಲಿ ಅಳತೆಗೋಲಾಗಿ ನಿಲ್ಲಲಿ.

ಭಟ್ಕಳದಲ್ಲಿ ಜಾಲಿ ಮತ್ತು ತೆಂಗಿನಗುಂಡಿಯ ದಂಡೆ, ಶಿರಾಲಿ ಅಳ್ವೆಕೋಡಿಯ ಕಡೆ ವೆಂಕಟಾಪುರ ಹೊಳೆ ಸಮುದ್ರ ಸೇರುವ ಜಾಗ, ಪಟ್ಟಣದೊಳಗಿನ ಶರಾಬಿ ಹೊಳೆಯ ಅಂಚು ನೋಡಿ. ಹೆದ್ದಾರಿ 66ಕ್ಕಾಗಿ ಕಡಿದ ಗುಡ್ಡವನ್ನು ದೂರದಿಂದ ಬರೆದರೆ ಮಳೆ ಮತ್ತು ಮಣ್ಣಿನ ಕಥೆ ಸಿಗುತ್ತದೆ.

ಹೊನ್ನಾವರದಲ್ಲಿ ಶರಾವತಿಯ ಅಳಿವೆ ಇದೆ. ಕಾಸರಕೋಡಿನ ಕಾಂಡ್ಲಾ ಕಾಡಿನೊಳಗೆ ಮರದ ನಡಿಗೆದಾರಿ ಇರುವುದರಿಂದ ಹೊಸಬರಿಗೆ ಅದು ಅನುಕೂಲ. ಕಾಸರಕೋಡಿನ ದಂಡೆಗೆ 2020ರಲ್ಲಿ ನೀಲಿ ಬಾವುಟದ ಮಾನ್ಯತೆ ಸಿಕ್ಕಿದೆ. ಅದರ ಬಳಿಯೇ ಟೊಂಕದಲ್ಲಿ ಕಡಲಾಮೆಗಳು ಮೊಟ್ಟೆಯಿಡುತ್ತವೆ, ಅಲ್ಲೇ ಖಾಸಗಿ ಬಂದರು ಯೋಜನೆಗೆ ಮೀನುಗಾರರ ವಿರೋಧವೂ ನಡೆದಿದೆ. ಒಂದೇ ದಂಡೆಯ ಮೇಲೆ ಇಷ್ಟೆಲ್ಲ ಇರುವಾಗ ಚಿತ್ರಕ್ಕೆ ವಸ್ತುವಿನ ಬರವಿಲ್ಲ.

ಕುಮಟಾದಲ್ಲಿ ಅಘನಾಶಿನಿ ಇದೆ. ಅಣೆಕಟ್ಟಿಲ್ಲದೆ ಸಮುದ್ರ ಸೇರುವ ಹೊಳೆ ಅದು. ಅದರ ಅಳಿವೆಯ 4801 ಹೆಕ್ಟೇರ್‌ಗೆ 2024ರಲ್ಲಿ ರಾಮ್ಸಾರ್ ಜೌಗುಪ್ರದೇಶದ ಪಟ್ಟ ಸಿಕ್ಕಿತು. ಮಾಣಿಕಟ್ಟಾ, ಹೆಗಡೆ, ಮಿರ್ಜಾನದ ಸುತ್ತಲ ಗಜನಿಗಳು, ಸಾಣಿಕಟ್ಟೆಯ ಉಪ್ಪಿನಾಗರ, ತದಡಿಯ ಬಂದರು ಎಲ್ಲವೂ ಬರೆಯಲು ತಕ್ಕವು.

ಮೂರು ತಾಲೂಕಿಗೂ ಓಡಾಡಬೇಡಿ. ಒಂದೇ ಒಂದು ಜಾಗ ಸಾಕು.

ಹಂತ 2: ಅಲುಗಾಡದ ಗುರುತು ಹಿಡಿಯಿರಿ

ಮರಳು ಸರಿಯುತ್ತದೆ, ದೋಣಿ ಹೋಗುತ್ತದೆ, ಕಾಂಡ್ಲಾ ಬೆಳೆಯುತ್ತದೆ. ಏನು ಬದಲಾಯಿತು ಎಂದು ಹೇಳಬೇಕಾದರೆ ಬದಲಾಗದ ಎರಡು ಗುರುತಾದರೂ ಚಿತ್ರದಲ್ಲಿರಬೇಕು: ಸೇತುವೆಯ ಕಂಬ, ದೇವಸ್ಥಾನದ ಕಟ್ಟೆ, ಮಸೀದಿಯ ಮಿನಾರು, ದೊಡ್ಡ ಬಂಡೆ, ದೂರದ ಗುಡ್ಡದ ಅಂಚು. ಒಂದು ಹತ್ತಿರದ್ದು, ಒಂದು ದೂರದ್ದು ಇದ್ದರೆ ಒಳ್ಳೆಯದು. ಎರಡೂ ಒಂದೇ ಸಾಲಿಗೆ ಬರುವ ಹಾಗೆ ನೀವು ಕೂತರೆ, ಮುಂದಿನ ವರ್ಷ ಅದೇ ಜಾಗ ಹುಡುಕುವುದು ಸಲೀಸು. ದೋಣಿ ಹೊಡೆಯುವವರು ಅಳಿವೆಯಲ್ಲಿ ದಾರಿ ಹಿಡಿಯುವುದೂ ಹೀಗೆ ದಂಡೆಯ ಗುರುತುಗಳನ್ನು ಹೊಂದಿಸಿಕೊಂಡೇ.

ಈಗ ನೀರಿನ ಗುರುತು. ನಮ್ಮ ಧಕ್ಕೆ ಮತ್ತು ಸೇತುವೆಯ ಕಂಬಗಳನ್ನು ಇಳಿತದ ಹೊತ್ತಿನಲ್ಲಿ ನೋಡಿ. ಕೆಳಗಡೆ ಸಿಂಪಿಯೂ ಚೂಪು ಚಿಪ್ಪುಗಳೂ ಅಂಟಿಕೊಂಡು ಬೂದುಬಣ್ಣದ ಪಟ್ಟಿ ಕಟ್ಟಿರುತ್ತವೆ. ಒಂದು ಎತ್ತರದಲ್ಲಿ ಅದು ಗೆರೆ ಎಳೆದಂತೆ ನಿಂತುಬಿಡುತ್ತದೆ. ಭರತದ ನೀರು ದಿನವೂ ಸಾಕಷ್ಟು ಹೊತ್ತು ಮುಟ್ಟದ ಕಡೆ ಅವು ಬದುಕುವುದಿಲ್ಲ, ಹಾಗಾಗಿ ಆ ಗೆರೆಯೇ ನಿಮ್ಮ ಮಟ್ಟಗೋಲು. ಚಿರೆಕಲ್ಲಿನ ಧಕ್ಕೆಯಾದರೆ ಮೇಲಿನಿಂದ ಎಷ್ಟನೆಯ ವರಸೆಯ ಕಲ್ಲಿಗೆ ಚಿಪ್ಪು ಶುರುವಾಗುತ್ತದೆ ಎಂದು ಎಣಿಸಿ. ವರಸೆ ಎಣಿಸಿ ಬರೆದ ಚಿತ್ರವನ್ನು ಇಪ್ಪತ್ತು ವರ್ಷದ ನಂತರವೂ ಯಾರು ಬೇಕಾದರೂ ಹೋಗಿ ತಾಳೆ ನೋಡಬಹುದು.

ಹಂತ 3: ತಿಥಿ ನೋಡಿ ಹೊರಡಿ

ಹೊಸಬರು ಎಡವುವುದು ಹೆಚ್ಚಾಗಿ ಇಲ್ಲಿ. ಬೆಳಿಗ್ಗೆ ಬರೆದ ಚಿತ್ರದಲ್ಲಿ ದಂಡೆ ಅಗಲವಾಗಿದೆ, ಸಂಜೆ ಬರೆದದ್ದರಲ್ಲಿ ಕಿರಿದಾಗಿದೆ, ಅಯ್ಯೋ ಸಮುದ್ರ ಬಂತು ಎಂದರೆ ಊರವರು ನಗುತ್ತಾರೆ. ಅದು ಭರತ-ಇಳಿತ ಅಷ್ಟೇ. ನಮ್ಮ ಕಡಲಿನಲ್ಲಿ ದಿನಕ್ಕೆ ಎರಡು ಸಲ ನೀರು ಏರಿ ಎರಡು ಸಲ ಇಳಿಯುತ್ತದೆ, ದಿನದಿಂದ ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತಾ ಹೋಗುತ್ತದೆ. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸು ಏರಿಳಿತ ಜೋರು. ಅಷ್ಟಮಿಯ ಹೊತ್ತಿಗೆ ಕಡಿಮೆ.

ಆದ್ದರಿಂದ ಒಂದು ನಿಯಮ ಹಾಕಿಕೊಳ್ಳಿ. ಉದಾಹರಣೆಗೆ, ಹುಣ್ಣಿಮೆಯ ಮರುದಿನ, ಹಗಲಿನ ಇಳಿತದ ಹೊತ್ತು. ಪ್ರತಿ ಸಲವೂ ಅದೇ ತಿಥಿ, ಅದೇ ಇಳಿತ. ಗೋಡೆಯ ಪಂಚಾಂಗದಲ್ಲಿ ತಿಥಿ ಸಿಗುತ್ತದೆ, ಇಳಿತದ ಗಂಟೆ ಫೋನಿನಲ್ಲೂ ಸಿಗುತ್ತದೆ. ಬಳಚು ಹೆಕ್ಕಲು ಹೊಳೆಗಿಳಿಯುವವರನ್ನು ಕೇಳಿದರೆ ಎರಡೂ ಒಟ್ಟಿಗೆ ಸಿಗುತ್ತವೆ. ಇಳಿತಕ್ಕೆ ಒಂದು ತಾಸು ಮೊದಲು ಜಾಗದಲ್ಲಿರಿ.

ಹಂತ 4: ಚೌಕಟ್ಟು ಕಟ್ಟಿ, ಗೆರೆ ಹಾಕಿ

ಹಳೆಯ ರಟ್ಟಿನಲ್ಲಿ ಆರು ಇಂಚು ಉದ್ದ, ನಾಲ್ಕು ಇಂಚು ಎತ್ತರದ ಕಿಟಕಿ ಕತ್ತರಿಸಿ. ಅಡ್ಡಕ್ಕೆ ಎರಡು, ಉದ್ದಕ್ಕೆ ಎರಡು ದಾರ ಅಂಟಿಸಿದರೆ ಒಂಬತ್ತು ಮನೆಯಾಗುತ್ತದೆ. ರಟ್ಟಿಗೊಂದು ಹುರಿ ಕಟ್ಟಿ ಕೊರಳಿಗೆ ಹಾಕಿಕೊಳ್ಳಿ, ಹುರಿ ಬಿಗಿಯಾಗುವಷ್ಟು ಮುಂದೆ ಹಿಡಿಯಿರಿ. ಕಣ್ಣಿಗೂ ರಟ್ಟಿಗೂ ನಡುವಿನ ದೂರ ಪ್ರತಿ ಸಲ ಒಂದೇ ಇದ್ದರೆ ಚಿತ್ರದಲ್ಲಿ ಹಿಡಿಯುವ ನೋಟವೂ ಒಂದೇ ಇರುತ್ತದೆ.

ಕಾಗದದ ಮೇಲೂ ಒಂಬತ್ತು ಮನೆ ತಿಳಿಯಾಗಿ ಹಾಕಿ. ಮೊದಲು ಬಾನಂಚು. ಅದು ಯಾವಾಗಲೂ ನಿಮ್ಮ ಕಣ್ಣಿನ ಮಟ್ಟದಲ್ಲೇ ಇರುತ್ತದೆ. ಕೂತರೆ ಕೆಳಗಾಗುತ್ತದೆ, ನಿಂತರೆ ಮೇಲಾಗುತ್ತದೆ. ಹಾಗಾಗಿ ಕೂತು ಬರೆದಿರೋ ನಿಂತು ಬರೆದಿರೋ ಎಂಬುದನ್ನು ಮರೆಯದೆ ಗುರುತಿಸಿ. ಬಾನಂಚು ಸೊಟ್ಟಗಾದರೆ ಸಮುದ್ರವೇ ಒಂದು ಕಡೆ ಸುರಿದುಹೋಗುವಂತೆ ಕಾಣುತ್ತದೆ. ಅಲ್ಲಿ ಮಾಸ್ಕಿಂಗ್ ಟೇಪು ಅಂಟಿಸಿ ಬಣ್ಣ ಹಚ್ಚಿದರೆ ನೇರ ಬರುತ್ತದೆ.

ಆಮೇಲೆ ಅಲುಗಾಡದ ಗುರುತುಗಳು, ನಂತರ ನೀರಿನಂಚು, ಕೊನೆಯಲ್ಲಿ ಮರ, ಮನೆ, ದೋಣಿ. ಅಳತೆಗೆ ಪೆನ್ಸಿಲನ್ನು ಕೈ ನೀಡಿ ಹಿಡಿದು ಹೋಲಿಸಿ ನೋಡಿ. ಕಂಬದ ಎತ್ತರದಲ್ಲಿ ಚಿಪ್ಪಿನ ಪಟ್ಟಿ ಎಷ್ಟು ಪಾಲು? ತೆಂಗಿನ ಬುಡದಿಂದ ನೀರಿಗೆ ಎಷ್ಟು ಕಂಬದ ಅಂತರ? ಇಪ್ಪತ್ತು ನಿಮಿಷ ಇದಕ್ಕೇ ಕೊಡಿ.

ಹಂತ 5: ಊರಿನ ಬಣ್ಣ ಕಲಸಲು ಕಲಿಯಿರಿ

ಟ್ಯೂಬಿನಿಂದ ನೇರ ಹಚ್ಚಿದ ಹಸಿರು, ನೀಲಿ ನಮ್ಮ ಕಡೆಯದಲ್ಲ. ಒಂದು ಹಾಳೆಯಲ್ಲಿ ಈ ಮಿಶ್ರಣಗಳನ್ನು ಮನೆಯಲ್ಲೇ ಅಭ್ಯಾಸ ಮಾಡಿ:

• ಮಳೆಗಾಲದ ಮೋಡ: ಅಲ್ಟ್ರಾಮರೀನ್ ಜೊತೆ ಬರ್ನ್ಟ್ ಸಿಯೆನ್ನಾ. ನೀಲಿ ಹೆಚ್ಚಾದರೆ ದೂರದ ಮೋಡ, ಸಿಯೆನ್ನಾ ಹೆಚ್ಚಾದರೆ ಈಗಲೋ ಆಗಲೋ ಸುರಿಯುವ ಮೋಡ.
• ಆಷಾಢದ ಅಳಿವೆ: ಯೆಲ್ಲೋ ಓಕರ್, ಬರ್ನ್ಟ್ ಸಿಯೆನ್ನಾ, ಚೂರು ನೀಲಿ. ಘಟ್ಟದ ಮಣ್ಣು ಕಲಸಿಕೊಂಡು ಬರುವ ಕೆನ್ನೀರು ಇದು. ಸಮುದ್ರದೊಳಗೂ ಬಹುದೂರ ಈ ಬಣ್ಣವೇ.
• ಕಾಂಡ್ಲಾ: ಪ್ರಷ್ಯನ್ ನೀಲಿ, ಲೆಮನ್ ಹಳದಿ, ಅದನ್ನು ಮಂಕಾಗಿಸಲು ಸಿಯೆನ್ನಾ. ಭತ್ತದ ಸಸಿಗೆ ಸಿಯೆನ್ನಾ ಬೇಡ, ಹಳದಿ ಹೆಚ್ಚಿರಲಿ.
• ಇಳಿತದ ಕೆಸರು: ಅಲ್ಟ್ರಾಮರೀನ್, ಸಿಯೆನ್ನಾ, ತುಸು ಕ್ರಿಮ್ಸನ್. ಒದ್ದೆ ಕೆಸರಿಗೆ ಆಕಾಶದ ಬಣ್ಣದ ತೆಳು ಲೇಪ.

ಕೆಂಪು ಮಣ್ಣಿನ ಬಣ್ಣವನ್ನು ನೀವೇ ಮಾಡಬಹುದು. ಚಿರೆಕಲ್ಲಿನ ಪುಡಿಯನ್ನೋ ಕೆಮ್ಮಣ್ಣನ್ನೋ ಒಣಗಿಸಿ ಕುಟ್ಟಿ ಬಟ್ಟೆಯಲ್ಲಿ ಜರಡಿ ಹಿಡಿಯಿರಿ. ನೀರಿಗೆ ಹಾಕಿ ಕದಡಿ, ಮರಳು ತಳ ಸೇರಲು ಒಂದು ನಿಮಿಷ ಬಿಟ್ಟು, ಮೇಲಿನ ಕೆನ್ನೀರನ್ನು ಬೇರೆ ಪಾತ್ರೆಗೆ ಬಗ್ಗಿಸಿ. ರಾತ್ರಿಯಿಡೀ ಬಿಟ್ಟರೆ ನುಣುಪಾದ ಮಣ್ಣು ತಳಕ್ಕಿಳಿಯುತ್ತದೆ. ಅದನ್ನು ಒಣಗಿಸಿಡಿ. ಗ್ರಂಧಿಗೆ ಅಂಗಡಿಯಲ್ಲಿ ಸಿಗುವ ತಿನ್ನುವ ಗೋಂದನ್ನು ಬಿಸಿನೀರಿನಲ್ಲಿ ಕರಗಿಸಿ, ಕೆಲವು ಹನಿ ಜೇನು ಸೇರಿಸಿ, ಗಾಜಿನ ಮೇಲೆ ಮಣ್ಣಿನ ಜೊತೆ ಅರೆಯಿರಿ. ಬೂಷ್ಟು ಬಾರದಿರಲು ಒಂದು ಹನಿ ಲವಂಗದ ಎಣ್ಣೆ. ಮಣ್ಣಿನ ಬಣ್ಣ ಬಿಸಿಲಿಗೆ ಮಾಸುವುದಿಲ್ಲ. ಕೊಂಕಣ ಕರಾವಳಿಯ ಹಳೆಯ ದೇವಸ್ಥಾನಗಳ ಸುಣ್ಣದ ಗೋಡೆಯ ಮೇಲೆ ಕಾವಿ ಚಿತ್ರ ಇಷ್ಟು ಕಾಲ ಬಾಳಿದ್ದಕ್ಕೆ ಇದೂ ಕಾರಣ. ಕ್ರಿಮ್ಸನ್ ಬಹುಬೇಗ ಮಾಸುವ ಬಣ್ಣ, ದಾಖಲೆಯ ಚಿತ್ರದಲ್ಲಿ ಅದನ್ನು ಆದಷ್ಟು ಕಡಿಮೆ ಮಾಡಿ.

ಹಂತ 6: ಮೊದಲ ಚಿತ್ರ, ಗಜನಿಯದು

ಅಘನಾಶಿನಿಯ ದಂಡೆಯ ಒಂದು ಗಜನಿಯನ್ನು ಅಕ್ಟೋಬರಿನಲ್ಲಿ ಬರೆಯುತ್ತಿದ್ದೀರಿ ಎಂದುಕೊಳ್ಳಿ. ಎದುರಿಗೆ ಒಡ್ಡು, ಒಡ್ಡಿನಾಚೆ ಹೊಳೆ, ಈಚೆ ಕಗ್ಗ ಭತ್ತದ ಗದ್ದೆ. ಕಗ್ಗ ಉಪ್ಪು ತಡೆಯುವ ತಳಿ. ಎತ್ತರವಾಗಿ ಬೆಳೆದು ನೀರಿನಲ್ಲಿ ನಿಂತೇ ಹಣ್ಣಾಗುತ್ತದೆ. ಇದಕ್ಕೆ ಗೊಬ್ಬರವಿಲ್ಲ, ಔಷಧಿಯಿಲ್ಲ. ಕೊಯ್ಲಾದ ಮೇಲೆ ಅದೇ ಗಜನಿಯಲ್ಲಿ ಸಿಗಡಿ, ಮೀನು. ಕೆಲವು ದಶಕಗಳಿಂದ ಎಷ್ಟೋ ಗಜನಿಗಳು ಭತ್ತ ಬಿಟ್ಟು ಪೂರ್ತಿ ಸಿಗಡಿಗೆ ತಿರುಗಿವೆ, ಒಡ್ಡು ದುರಸ್ತಿಯಾಗದೆ ಕೆಲವು ಹಾಳುಬಿದ್ದಿವೆ. ಚಿತ್ರದಲ್ಲಿ ಹೇಳಬೇಕಾದದ್ದು ಈ ಒಡ್ಡಿನ ಕಥೆಯನ್ನೇ.

ಮೊದಲು ಆಕಾಶ. ಕಾಗದದ ಮೇಲ್ಭಾಗವನ್ನು ಚಪ್ಪಟೆ ಬ್ರಶ್ಶಿನಿಂದ ಬರೀ ನೀರಿನಲ್ಲಿ ತೋಯಿಸಿ. ಹೊಳಪು ಆರುವ ಮುಂಚೆ ತಿಳಿ ಬೂದಿಯನ್ನು ಅಲ್ಲಲ್ಲಿ ಮುಟ್ಟಿಸಿ ಹಲಗೆ ವಾಲಿಸಿ. ಬಣ್ಣ ತಾನೇ ಹರಿಯುತ್ತದೆ. ಮತ್ತೆ ಮುಟ್ಟಬೇಡಿ. ಕರಾವಳಿಯ ಗಾಳಿಯಲ್ಲಿ ಮೊದಲ ಪದರ ಒಣಗಲು ಒಳನಾಡಿಗಿಂತ ಹೆಚ್ಚು ಹೊತ್ತು ಬೇಕು. ಕಾಗದವನ್ನು ಕೈ ಹಿಂಭಾಗದಿಂದ ಮುಟ್ಟಿ ನೋಡಿ, ತಣ್ಣಗಿದ್ದರೆ ಇನ್ನೂ ಒದ್ದೆ. ಆ ಬಿಡುವಿನಲ್ಲಿ ಟಿಪ್ಪಣಿ ಬರೆದುಕೊಳ್ಳಿ.

ಎರಡನೆಯದು ದೂರದ ಗುಡ್ಡ. ತೆಳು ನೀಲಿಬೂದಿಯಲ್ಲಿ ಒಂದೇ ಎಳೆತ. ಗುಡ್ಡದ ಮೇಲೆ ಜರಿದ ಮಣ್ಣಿನ ಕೆಂಪು ಕಲೆ ಇದ್ದರೆ ಅಷ್ಟು ಜಾಗ ಬಿಳಿಯಾಗಿ ಬಿಟ್ಟು ಆಮೇಲೆ ಕೆಮ್ಮಣ್ಣಿನಿಂದ ತುಂಬಿ.

ಮೂರನೆಯದು ಹೊಳೆ. ಆಕಾಶಕ್ಕಿಂತ ಒಂದು ಛಾಯೆ ಗಾಢ. ಮಿನುಗುವ ಕಡೆ ಕಾಗದವನ್ನೇ ಬಿಡಿ, ಬಿಳಿ ಬಣ್ಣ ಬೇಡ.

ನಾಲ್ಕನೆಯದು ಗದ್ದೆ. ಹಣ್ಣಾಗುತ್ತಿರುವ ಕಗ್ಗಕ್ಕೆ ಓಕರ್ ಮತ್ತು ಮಂಕು ಹಸಿರು. ಹತ್ತಿರದ ಪೈರು ಗಾಳಿಗೆ ಬಾಗಿದ ದಿಕ್ಕಿಗೇ ಬ್ರಶ್ ಎಳೆಯಿರಿ.

ಕೊನೆಯಲ್ಲಿ ಒಡ್ಡು, ಅವಸರ ಮಾಡದೆ. ಒಡ್ಡಿನ ಹೊಳೆಬದಿಯಲ್ಲಿ ಮೂರು ಪಟ್ಟಿ ಕಾಣುತ್ತವೆ: ಮೇಲೆ ಒಣ ಕೆಂಪು, ನಡುವೆ ಪಾಚಿಯ ಕಪ್ಪುಹಸಿರು, ಕೆಳಗೆ ಚಿಪ್ಪಿನ ಬೂದು. ಕಲ್ಲು ಜಾರಿ ಬಿದ್ದ ಕಡೆ, ಹೊಸ ಮಣ್ಣು ಮೆತ್ತಿದ ಕಡೆ, ಜಂತ್ರದ (ಒಡ್ಡಿನ ನೀರುಬಾಗಿಲಿನ) ಹಲಗೆಯ ಸಂದಿಯಿಂದ ನೀರು ಒಸರುವ ಕಡೆ ಎಲ್ಲವನ್ನೂ ಇದ್ದಲ್ಲೇ ತೋರಿಸಿ. ಬ್ರಶ್ಶನ್ನು ಬಟ್ಟೆಯಲ್ಲಿ ಒರೆಸಿ ಅರೆ ಒಣಗಿಸಿಕೊಂಡು ಕಾಗದದ ಮೇಲೆ ಉಜ್ಜಿದರೆ ಕಲ್ಲಿನ ತರಿ ಬರುತ್ತದೆ. ಒಡ್ಡು ಗಟ್ಟಿಯಾಗಿದ್ದರೆ ಗಟ್ಟಿಯಾಗಿಯೇ ಬರೆಯಿರಿ. ಸಂಕಟ ಹೆಚ್ಚು ಕಾಣಲಿ ಎಂದು ಇಲ್ಲದ ಬಿರುಕು ಸೇರಿಸಿದರೆ ಆ ಚಿತ್ರದ ಮಾತನ್ನು ಮುಂದೆ ಯಾರೂ ನಂಬುವುದಿಲ್ಲ.

ಹಂತ 7: ಹಿಂಬದಿಯಲ್ಲಿ ಬರೆಯಿರಿ, ಊರವರನ್ನು ಕೇಳಿ

ಕಾಗದದ ಹಿಂದೆ ಪೆನ್ಸಿಲಿನಲ್ಲಿ (ಪೆನ್ನಿನ ಶಾಯಿ ತೇವಕ್ಕೆ ಹರಡುತ್ತದೆ) ಇಷ್ಟು ಇರಲಿ: ತಾರೀಖು, ತಿಥಿ, ಶುರು ಮಾಡಿದ ಮತ್ತು ಮುಗಿಸಿದ ಗಂಟೆ, ಇಳಿತದ ಗಂಟೆ, ಕೂತ ಜಾಗ, ನೋಡಿದ ದಿಕ್ಕು, ಕೂತೋ ನಿಂತೋ, ಹಿಂದಿನ ದಿನ ಮಳೆ ಇತ್ತೇ ಎಂಬುದು, ಚಿಪ್ಪಿನ ಗೆರೆ ಎಷ್ಟನೆಯ ವರಸೆಯಲ್ಲಿದೆ ಎಂಬುದು. ಮುಂಭಾಗದ ಅಂಚಿನಲ್ಲಿ ನೀವು ಕಲಸಿದ ಐದಾರು ಬಣ್ಣದ ಚುಕ್ಕೆ ಇಟ್ಟು ಹೆಸರು ಬರೆಯಿರಿ. ಮುಂದೆ ಬಣ್ಣ ಮಾಸಿದರೆ, ಅದೇ ಹೆಸರಿನ ಬಣ್ಣವನ್ನು ಹೊಸದಾಗಿ ಕಲಸಿ ಹೋಲಿಸಿದಾಗ ಎಷ್ಟು ಮಾಸಿದೆ ಎಂದು ತಿಳಿಯುತ್ತದೆ.

ಬರೆಯುತ್ತಾ ಕೂತರೆ ಜನ ಬಂದೇ ಬರುತ್ತಾರೆ. "ಅಕ್ಕಾ, ನೀವು ಬರೂಕೆ ಶುರುಮಾಡಿದ ಕಾಲದಲ್ಲಿ ನೀರು ಎಲ್ಲಿವರೆಗೆ ಇತ್ತು?" ಎಂದು ಕೇಳಿ. ಹೆಚ್ಚಿನವರು ಬಾಯಲ್ಲಿ ಹೇಳದೆ ಕೈ ಮಾಡಿ ತೋರಿಸುತ್ತಾರೆ: "ಅದೋ, ಆ ದೋಣಿ ಆಚೆ, ಅಲ್ಲಿ ನಮ್ಮ ಬಲೆ ಒಣಗಿಸೂ ಜಾಗ ಇತ್ತು." ತಕ್ಷಣ ಆ ಜಾಗವನ್ನು ಒಂದು ಚಿಕ್ಕ ಹಾಳೆಯಲ್ಲಿ ಚುಕ್ಕೆಗೆರೆಯಿಂದ ಗುರುತಿಸಿ ತೋರಿಸಿ, ಸರಿಯೇ ಎಂದು ಕೇಳಿ. ನೆನಪಿನ ಗೆರೆ ಚುಕ್ಕೆಯಲ್ಲಿರಲಿ, ಕಣ್ಣಾರೆ ಕಂಡದ್ದು ತುಂಬುಗೆರೆಯಲ್ಲಿರಲಿ. ಎರಡನ್ನೂ ಬೆರೆಸಬೇಡಿ.

ಹಂತ 8: ವರ್ಷಕ್ಕೆ ನಾಲ್ಕು ಸಲ

ತಿಂಗಳಿಗೊಂದು ಎಂದು ಶಪಥ ಮಾಡಿದವರು ಆರನೆಯ ತಿಂಗಳಿಗೆ ಬಿಡುತ್ತಾರೆ. ವರ್ಷಕ್ಕೆ ನಾಲ್ಕು ಸಾಕು.

• ಮೃಗಶಿರಾ ಮಳೆಗೆ ಮುಂಚೆ, ಮೇ ಕೊನೆಗೆ. ದಂಡೆ ಅಗಲವಾಗಿರುವ ಕಾಲ. ಹೆದ್ದಾರಿ ಬದಿಯಲ್ಲಿ ಕುಮಟಾದ ಸಿಹಿ ಈರುಳ್ಳಿಯ ಗೊಂಚಲು ತೂಗುವ ದಿನಗಳು ಮುಗಿಯುತ್ತಿರುತ್ತವೆ.
• ಜುಲೈ ಹೊತ್ತಿಗೆ, ಆಳಸಮುದ್ರದ ಬೋಟುಗಳು ನಿಷೇಧದ ಕಾರಣ ದಡದಲ್ಲಿರುವಾಗ. ಮಳೆಗೆ ನಿಮ್ಮ ಜಾಗದಲ್ಲಿ ಕೂರಲಾಗದಿದ್ದರೆ ಹತ್ತಿರದ ಒಂದು ಜಗಲಿಯಿಂದ ಬರೆಯಿರಿ, ಪ್ರತಿ ಜುಲೈಗೂ ಅದೇ ಜಗಲಿ ಇರಲಿ.
• ಅಕ್ಟೋಬರ್, ಮಳೆ ಹಿಂದೆ ಸರಿದ ಮೇಲೆ. ಮಳೆಗಾಲ ಏನು ತಿಂದಿತು, ಏನು ಬಿಟ್ಟಿತು ಎಂಬುದು ಆಗ ಕಾಣುತ್ತದೆ.
• ಜನವರಿ, ಮರಳು ಮರಳಿ ಬರುವ ಕಾಲ.

ಮಳೆಗಾಲದಲ್ಲಿ ಅಲೆ ಮರಳು ಎಳೆದೊಯ್ಯುವುದು, ಬೇಸಿಗೆಯಲ್ಲಿ ತಿರುಗಿ ತಂದು ಹಾಕುವುದು ಸಹಜ ಚಕ್ರ. ಜುಲೈ ಚಿತ್ರವನ್ನು ಜುಲೈ ಚಿತ್ರದ ಜೊತೆಗೇ ಹೋಲಿಸಿ. ದೊಡ್ಡ ಚಂಡಮಾರುತವೋ ನೆರೆಯೋ ಬಂದರೆ ಅಪಾಯ ಕಳೆದ ಮೇಲೆ ಐದನೆಯದೊಂದು ಬರೆಯಿರಿ.

ಹಂತ 9: ಕಾರಣ ಹೇಳಲು ಅವಸರ ಬೇಡ

ಭಾರತ ಸರ್ಕಾರದ ಭೂವಿಜ್ಞಾನ ಸಚಿವಾಲಯದ 2020ರ ವರದಿಯ ಪ್ರಕಾರ ಉತ್ತರ ಹಿಂದೂ ಮಹಾಸಾಗರದ ನೀರು 1993ರಿಂದ 2017ರವರೆಗೆ ವರ್ಷಕ್ಕೆ 3.3 ಮಿಲಿಮೀಟರಿನಂತೆ ಏರಿದೆ. ಅಂದರೆ ಹತ್ತು ವರ್ಷಕ್ಕೆ ಎರಡು ಬೆರಳಿನ ಅಗಲ. ಉಷ್ಣವಲಯದ ಹಿಂದೂ ಮಹಾಸಾಗರದ ಮೇಲ್ಮೈ 1951ರಿಂದ 2015ರೊಳಗೆ ಸುಮಾರು ಒಂದು ಡಿಗ್ರಿ ಸೆಲ್ಸಿಯಸ್ ಬಿಸಿಯಾಗಿದೆ. ಬಿಸಿನೀರು ಚಂಡಮಾರುತಕ್ಕೆ ಬಲ ಕೊಡುತ್ತದೆ, ಬಿಸಿಗಾಳಿ ಹೆಚ್ಚು ತೇವ ಹೊತ್ತು ಒಮ್ಮೆಗೇ ಸುರಿಯುತ್ತದೆ.

ಎರಡು ಬೆರಳಿನ ಏರಿಕೆಯನ್ನು ನಿಮ್ಮ ಎರಡು ವರ್ಷದ ಚಿತ್ರ ತೋರಿಸಲಾರದು. ಎರಡು ವರ್ಷದಲ್ಲಿ ದಂಡೆ ಇಪ್ಪತ್ತು ಅಡಿ ಹಿಂದೆ ಸರಿದಿದ್ದರೆ ಬೇರೆ ಕಾರಣವನ್ನೂ ಹುಡುಕಿ: ಪಕ್ಕದಲ್ಲಿ ಹೊಸ ಅಲೆತಡೆ ಗೋಡೆ ಬಂತೇ, ಹೊಳೆಯಲ್ಲಿ ಮರಳು ತೆಗೆದರೇ, ಅಳಿವೆಯ ಬಾಯಿ ತಾನಾಗಿಯೇ ಪಕ್ಕಕ್ಕೆ ಸರಿಯಿತೇ. ಗುಡ್ಡ ಜರಿದಿದ್ದರೆ ಮಳೆಯ ಜೊತೆಗೆ ಗುಡ್ಡದ ಬುಡ ಕಡಿದದ್ದನ್ನೂ ಬರೆದಿಡಿ.

ಹೋಲಿಕೆಗೆ ನಮ್ಮಲ್ಲೇ ಒಂದು ಒಳ್ಳೆಯ ಜೋಡಿಯಿದೆ. ಶರಾವತಿಗೆ 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಬಂತು, ಕೆಳಗೆ ಗೇರುಸೊಪ್ಪೆಯಲ್ಲೂ ಅಣೆಕಟ್ಟಿದೆ. ವಿದ್ಯುತ್ತಿಗಾಗಿ ಬಿಡುವ ಸಿಹಿನೀರು ಬೇಸಿಗೆಯಲ್ಲೂ ಹರಿದು ಅಳಿವೆಯ ಉಪ್ಪನ್ನು ತೆಳುವಾಗಿಸುತ್ತದೆ. ಅಘನಾಶಿನಿಯಲ್ಲಿ ಹಾಗಿಲ್ಲ, ಬೇಸಿಗೆಯಲ್ಲಿ ಸಮುದ್ರದ ನೀರು ಒಳಗೆ ಏರುತ್ತದೆ. ಒಂದೇ ಕಡಲು, ಒಂದೇ ಮಳೆ, ಅರ್ಧ ಗಂಟೆ ದಾರಿಯ ಅಂತರದ ಎರಡು ಅಳಿವೆ. ಹೊನ್ನಾವರದವರೊಬ್ಬರು, ಕುಮಟಾದವರೊಬ್ಬರು ಒಂದೇ ತಿಥಿಯಲ್ಲಿ ಬರೆದು ಪಕ್ಕಪಕ್ಕ ಇಟ್ಟರೆ, ಎರಡೂ ಕಡೆ ಒಂದೇ ಥರ ಕಾಣುವ ಬದಲಾವಣೆ ಯಾವುದು, ಒಂದು ಕಡೆ ಮಾತ್ರ ಕಾಣುವುದು ಯಾವುದು ಎಂಬ ಪ್ರಶ್ನೆಯಾದರೂ ಸರಿಯಾಗಿ ಹುಟ್ಟುತ್ತದೆ.

ಎಚ್ಚರಿಕೆ

ಕಡಿದ ಗುಡ್ಡದ ಕೆಳಗೆ ಮಳೆಗಾಲದಲ್ಲಿ ಕೂರಲೇಬೇಡಿ. 2024ರ ಜುಲೈ 16ರಂದು ಪಕ್ಕದ ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಹೆದ್ದಾರಿಗೇ ಗುಡ್ಡ ಬಂದದ್ದನ್ನು ನೆನಪಿಡಿ. ಅಲೆ ಬಡಿಯುವ ಬಂಡೆಯ ಮೇಲೆ ಬೆನ್ನು ತಿರುಗಿಸಿ ಕೂರಬೇಡಿ. ಕೆಸರಿಗೆ ಇಳಿಯುವ ಮುಂಚೆ ಅಲ್ಲಿಯವರನ್ನು ಕೇಳಿ. ಆಮೆ ಮೊಟ್ಟೆಯಿಟ್ಟ ಜಾಗಕ್ಕೆ ಬೇಲಿ ಕಟ್ಟಿದ್ದರೆ ದೂರದಿಂದಲೇ ಬರೆಯಿರಿ. ಮಳೆಗಾಲದ ಹುಣ್ಣಿಮೆ, ಅಮಾವಾಸ್ಯೆಗಳಲ್ಲಿ ನೀರು ಎಣಿಸಿದ್ದಕ್ಕಿಂತ ಮೇಲೆ ಬರುತ್ತದೆ, ಸಾಮಾನು ಎತ್ತರದಲ್ಲಿಡಿ.

ಹಂತ 10: ಜೋಪಾನ ಮಾಡಿ, ತೋರಿಸಿ, ಒಪ್ಪಿಸಿ

ಕರಾವಳಿಯಲ್ಲಿ ಚಿತ್ರಕ್ಕೆ ದೊಡ್ಡ ಶತ್ರು ಬೂಷ್ಟು. ಪೂರ್ತಿ ಒಣಗಿದ ಮೇಲೆ ಹಾಳೆಗಳ ನಡುವೆ ತೆಳು ಕಾಗದ ಇಟ್ಟು, ಮುಚ್ಚಳ ಗಟ್ಟಿಯಿರುವ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಇಡಿ. ಮಳೆಗಾಲ ಮುಗಿದ ಮೇಲೆ ಒಮ್ಮೆ ನೆರಳಿನಲ್ಲಿ ಗಾಳಿಗೆ ಹಾಕಿ. ಪ್ರತಿಯೊಂದರ ಎರಡೂ ಬದಿಯ ಫೋಟೊ ತೆಗೆದು ಬೇರೆ ಕಡೆಯೂ ಉಳಿಸಿಡಿ.

ಪ್ರದರ್ಶನಕ್ಕೆ ಬೆಂಗಳೂರಿನ ಗ್ಯಾಲರಿ ಆಮೇಲೆ ನೋಡೋಣ. ಮೊದಲು ಊರಿನ ಶಾಲೆ, ಮೀನುಗಾರರ ಸಹಕಾರ ಸಂಘದ ಕಟ್ಟಡ, ಗ್ರಾಮಸಭೆಯ ದಿನದ ಪಂಚಾಯಿತಿ ಜಗಲಿ. ಚಿತ್ರಗಳನ್ನು ಅಂದಕ್ಕೆ ತಕ್ಕಂತೆ ಜೋಡಿಸದೆ ತಾರೀಖಿನ ಪ್ರಕಾರ ಸಾಲಾಗಿ ತೂಗುಹಾಕಿ. ಒಡ್ಡು ದುರಸ್ತಿಗೆ ಅರ್ಜಿ ಕೊಡುವಾಗ ಎರಡು ಚಿತ್ರದ ಪ್ರತಿ ಲಗತ್ತಿಸಿ. ಪ್ರತಿ ಪಂಚಾಯಿತಿಯಲ್ಲೂ 2002ರ ಜೀವವೈವಿಧ್ಯ ಕಾಯ್ದೆಯಡಿ ನಿರ್ವಹಣಾ ಸಮಿತಿ ಇರಬೇಕು, ಅದರ ಜನತಾ ದಾಖಲಾತಿಗೂ ಒಂದು ಪ್ರತಿ ಕೊಡಿ.

ಕೊನೆಯದಾಗಿ, ನಿಮ್ಮ ಜೊತೆ ಇನ್ನೊಬ್ಬರನ್ನು ತಯಾರು ಮಾಡಿ. ಹವಾಮಾನದ ಸರಾಸರಿಯನ್ನು ವಿಜ್ಞಾನಿಗಳು 30 ವರ್ಷದ ಲೆಕ್ಕದಲ್ಲಿ ಹಿಡಿಯುತ್ತಾರೆ. ಒಬ್ಬರ ಹುಮ್ಮಸ್ಸು ಅಷ್ಟು ಕಾಲ ಬಾಳುವುದು ಕಷ್ಟ. ಮದುವೆ, ನೌಕರಿ, ಮಂಗಳೂರು, ಮುಂಬೈ, ದುಬೈ ಎಂದು ಊರು ಬಿಡುವುದೂ ಇದ್ದದ್ದೇ. ಆದ್ದರಿಂದ ಎರಡನೆಯ ವರ್ಷದಿಂದಲೇ ಪಕ್ಕದ ಮನೆಯ ಹುಡುಗನನ್ನೋ ಹುಡುಗಿಯನ್ನೋ ಕರೆದೊಯ್ದು ಪಕ್ಕದಲ್ಲೇ ಕೂರಿಸಿ, ಅದೇ ರಟ್ಟಿನ ಕಿಟಕಿಯಿಂದ ನೋಡಲು ಕಲಿಸಿ. ಅವರ ಗೆರೆ ನಿಮ್ಮ ಗೆರೆಯಷ್ಟು ಚಂದ ಬಾರದಿದ್ದರೂ ಅಡ್ಡಿಯಿಲ್ಲ. ವರಸೆ ಸರಿಯಾಗಿ ಎಣಿಸಿ, ತಿಥಿ ಸರಿಯಾಗಿ ಬರೆದರೆ ಆ ಚಿತ್ರ ನಿಮ್ಮ ಸಾಲಿನಲ್ಲಿ ಕೂರುತ್ತದೆ. ಮೊದಲ ಚಿತ್ರಕ್ಕೆ ಮುಂದಿನ ಹುಣ್ಣಿಮೆಯ ಮರುದಿನವನ್ನು ಈಗಲೇ ಪಂಚಾಂಗದಲ್ಲಿ ಗುರುತು ಹಾಕಿಕೊಳ್ಳಿ.